ಆರು ಹಲಗೆ

ಹಲಗೆಗಳು ಒಟ್ಟು ಆರು. ಗ್ರೀನ್‌ಹಾರ್ಟ್ ಮರದವು. ನೀರಲ್ಲಿ ಐವತ್ತು ವರ್ಷ ಬಿದ್ದಿದ್ದರೂ ಕೊಳೆಯುವುದಿಲ್ಲ, ಹಾಕಿದರೆ ತೇಲುವುದೂ ಇಲ್ಲ, ಕಲ್ಲಿನ ಹಾಗೆ ಮುಳುಗುತ್ತವೆ. ಕೌನ್ಸಿಲ್ ಕಚೇರಿಯ ಅಡಿಯಲ್ಲಿ, ಕಂಬಗಳ ನಡುವಿನ ನೆರಳಲ್ಲಿ, ಒಂದರ ಮೇಲೊಂದು ಪೇರಿಸಿ, ಸರಪಳಿ ಸುತ್ತಿ ಬೀಗ ಜಡಿದಿದ್ದಾರೆ. ಲೇಟ್ ಕಂಫರ್ಟ್ ಎಂಬ ಆ ಊರಿನಲ್ಲಿ ಬೀಗ ಹಾಕಿಟ್ಟ ಸರ್ಕಾರಿ ಸಾಮಾನು ಅದೊಂದೇ. ಆಸ್ಪತ್ರೆಯ ಔಷಧಿ ಬೀರುವಿಗೆ ಬೀಗವಿಲ್ಲ. ಅದರಲ್ಲಿ ಔಷಧಿಯೇ ಇಲ್ಲವಲ್ಲ, ಬೀಗ ಯಾಕೆ.

ಗಯಾನಾದ ಆ ಕರಾವಳಿಯೆಲ್ಲ ಸಮುದ್ರಕ್ಕಿಂತ ತಗ್ಗು. ಊರಿನ ಮುಂದೆ ಸಮುದ್ರದ ಗೋಡೆ, ಗೋಡೆಯಲ್ಲಿ ಒಂದು ತೂಬು. ಸಮುದ್ರ ಇಳಿದಾಗ ತೂಬಿನ ಬಾಗಿಲೆತ್ತಿ ಊರಿನ ನೀರನ್ನು ಹೊರಗೆ ಬಿಡಬೇಕು, ಏರುವ ಮೊದಲು ಬಾಗಿಲು ಇಳಿಸಬೇಕು. ಗೋಡೆಗೆ ಹತ್ತಿರ ಇರುವುದು ಮುಂಬೀದಿ. ಅಲ್ಲಿ ಅಂಗಡಿ, ಅಕ್ಕಿ ಗಿರಣಿ, ಚರ್ಚು, ಮಂದಿರ, ಮಸೀದಿ, ಎರಡು ರಮ್ಮಿನ ಅಂಗಡಿ, ಬಣ್ಣ ಬಳಿದ ಮನೆಗಳು. ಊರಿನ ಬೆನ್ನಿಗೆ, ಹಳೆಯ ಕಬ್ಬಿನ ಗದ್ದೆ ಮುಗಿಯುವಲ್ಲಿ, ಮಣ್ಣಿನ ಏರಿಯೊಂದಿದೆ. ಅದರ ಮಗ್ಗುಲಲ್ಲಿ ತಗಡು, ಪೆಟ್ಟಿಗೆ ಹಲಗೆ ಹೊಂದಿಸಿ ಕಟ್ಟಿಕೊಂಡ ನೂರ ಹತ್ತು ಮನೆ. ಅದು ಹಿಂದೇರಿ. ಎರಡರ ನಡುವೆ ರಸ್ತೆ, ರಸ್ತೆಯ ಅಡಿಯಲ್ಲಿ ಒಂದು ಮೋರಿ. ಹಿಂದೇರಿಯ ನೀರು ಕಾಲುವೆಯಲ್ಲಿ ಹರಿದು, ಆ ಮೋರಿಯಲ್ಲಿ ನುಸುಳಿ, ಮುಂಬೀದಿ ದಾಟಿ ತೂಬು ಸೇರಬೇಕು. ಬೇರೆ ದಾರಿಯಿಲ್ಲ.

ಮೋರಿಯ ಬಾಯಿಗೆ ಎರಡೂ ಬದಿ ಕಾಂಕ್ರೀಟಿನಲ್ಲಿ ಮೇಲಿಂದ ಕೆಳಗೆ ಕಚ್ಚು ಕೊರೆದಿದ್ದಾರೆ. ಆರು ಹಲಗೆಯನ್ನೂ ಆ ಕಚ್ಚಿನಲ್ಲಿ ಇಳಿಬಿಟ್ಟರೆ ಮೋರಿ ಮುಚ್ಚಿತು. ಜೋರು ಮಳೆ ಬಂದಾಗ ಹಾಗೆ ಮಾಡುವುದು ಅಲ್ಲಿನ ಪದ್ಧತಿ. ತೂಬು ತೆರೆದಿರುವ ಎರಡು ಮೂರು ಗಂಟೆಯಲ್ಲಿ ಮುಂಬೀದಿಯ ನೀರಷ್ಟೇ ಹೊರಗೆ ಹೋಗುತ್ತದೆ, ಹಿಂದೇರಿಯದು ಹಿಂದೇರಿಯಲ್ಲೇ ನಿಲ್ಲುತ್ತದೆ. ಯಾರು ಮಾಡಿದ ಪದ್ಧತಿ ಅಂತ ಕೇಳಿದರೆ, ಮುಂಚಿನಿಂದ ಇದೆ ಅನ್ನುತ್ತಾರೆ. ಅನ್ನುವವರೆಲ್ಲ ಮುಂಬೀದಿಯವರೇ.

ಓಸ್ಲಿನ್‌ಳ ಮನೆ ಹಿಂದೇರಿಯಲ್ಲಿ. ಅವಳ ಗೋಡೆಯ ಮೇಲೆ ಎದೆಮಟ್ಟಕ್ಕೆ ಒಂದು ಕಂದು ಗೆರೆಯಿದೆ. ಎರಡು ವರ್ಷದ ಹಿಂದೆ ಹಲಗೆ ಬಿದ್ದ ಮಳೆಯ ಗೆರೆ. ಹಾಸಿಗೆ ಹಿಡಿದಿದ್ದ ತಾಯಿ ಯೂನಿಸ್‌ಳನ್ನು ಮಂಚದ ಸಮೇತ ಮೇಜಿನ ಮೇಲೆ ಏರಿಸಿದ್ದಳು. ಒಂಬತ್ತು ದಿನ. ನಾಲ್ಕನೇ ದಿನ ಮಂಚದ ಕಾಲು ಒದ್ದೆಯಾಯಿತು. ಆರನೇ ದಿನ ಜ್ವರ ಬಂತು. ಕಕ್ಕಸಿನ ಗುಂಡಿಯ ನೀರು, ಸತ್ತ ಕೋಳಿಯ ನೀರು, ಕಾಲುವೆಯ ನೀರು ಎಲ್ಲ ಒಂದಾಗಿ ಮನೆಯೊಳಗೆ ತೂಗಾಡುತ್ತಿತ್ತು. ಮುದುಕಿ ಸೂರಿಗೆ ಮುಖ ಮಾಡಿ ಮಲಗಿ, "ಇನ್ನೂ ಇಳೀಲಿಲ್ವೇನೇ?" ಅಂತ ಕೇಳುತ್ತಿದ್ದಳು. "ಇಳೀತಿದೆ ಕಣವ್ವ," ಅಂತ ಓಸ್ಲಿನ್ ಸುಳ್ಳು ಹೇಳುತ್ತಿದ್ದಳು. ಒಂಬತ್ತನೇ ದಿನ ಕೇಳುವವರೇ ಇರಲಿಲ್ಲ.

ಹೆಣ ಸಾಗಿಸಲು ದೋಣಿ ಇರಲಿಲ್ಲ. ಕೆಟ್ಟುಹೋದ ಫ್ರಿಜ್ಜಿನ ಬಾಗಿಲು ಕಿತ್ತೆಸೆದು, ಫ್ರಿಜ್ಜನ್ನು ಅಂಗಾತ ಮಲಗಿಸಿ, ಅದರೊಳಗೆ ತಾಯಿಯನ್ನಿಟ್ಟು ಓಸ್ಲಿನ್ ರಸ್ತೆಯವರೆಗೆ ತಳ್ಳಿಕೊಂಡು ಬಂದಳು. ಕತ್ತಿನ ತನಕ ನೀರು. ರಸ್ತೆಯ ಆಚೆ ಮುಂಬೀದಿ ಒಣಗಿತ್ತು. ಅಲ್ಲಿಯವರು ಸಾಲಾಗಿ ನಿಂತು ಫೋನಿನಲ್ಲಿ ಫೋಟೋ ತೆಗೆದರು. ಕೆಲವರು ಟೋಪಿ ತೆಗೆದರು. ಒಬ್ಬರೂ ಕೈಹಾಕಲಿಲ್ಲ.

ಹಲಗೆ ಇಳಿಸಿದವನು ಹರ್ದತ್. ತೂಬಿನ ನೀರುಗಂಟಿ. ಹನ್ನೊಂದು ವರ್ಷದಿಂದ ದಿನಗೂಲಿ. ಅವನೂ ಹಿಂದೇರಿಯವನೇ, ಓಸ್ಲಿನ್‌ಳಿಂದ ಮೂರನೇ ಮನೆ. ತನ್ನ ಮನೆಯನ್ನೂ ತಾನೇ ಮುಳುಗಿಸಿದವನು. ಆಮೇಲೆ ರಾಜಧಾನಿಯಿಂದ ಅಧಿಕಾರಿಯೊಬ್ಬ ವಿಚಾರಣೆಗೆ ಬಂದ. ಅಪ್ಪಣೆಯಿಲ್ಲದೆ ಹಲಗೆ ಹಾಕಿದನೆಂದು ಹರ್ದತ್‌ನನ್ನು ಮೂರು ತಿಂಗಳು ಕೆಲಸದಿಂದ ತೆಗೆದ. ಇನ್ನು ಮುಂದೆ ನೀರಿನ ಸಮಿತಿಯ ಅಧ್ಯಕ್ಷರ ರುಜು ಇಲ್ಲದೆ ಹಲಗೆ ಹಾಕಕೂಡದು ಅಂತ ಬರೆದಿಟ್ಟು ಹೋದ. ಹಲಗೆ ಬೇಡ ಅಂತ ಮಾತ್ರ ಬರೆಯಲಿಲ್ಲ.

ಅಂದಿನಿಂದ ಓಸ್ಲಿನ್ ಹರ್ದತ್‌ನ ಜೊತೆ ಮಾತು ಬಿಟ್ಟಳು. ಅವನು ಒಮ್ಮೆ ಒಂದು ಸರ ಹಸ್ಸಾರ್ ಮೀನು ತಂದು ಅವಳ ಬೇಲಿಗೆ ನೇತುಹಾಕಿ ಹೋದ. ಅವಳು ಅದನ್ನು ಬಿಚ್ಚಿ ಕಾಲುವೆಗೆ ಎಸೆದಳು. ಅವನು ಕಿಟಕಿಯಿಂದ ನೋಡಲೆಂದು ನಿಧಾನವಾಗಿ ಎಸೆದಳು.

ಅವಳ ಕೆಲಸ ಆ ಕಾಲುವೆಯಲ್ಲೇ. ಹತ್ತೊಂಬತ್ತು ವರ್ಷದಿಂದ ಕೌನ್ಸಿಲ್ಲಿನ ಕಳೆ ಗ್ಯಾಂಗಿನಲ್ಲಿ ಕೂಲಿ. ಹನ್ನೊಂದು ಹೆಂಗಸರು. ಸೊಂಟದ ತನಕ ನೀರಿಗಿಳಿದು, ಒಂದು ಕೈಯಲ್ಲಿ ಉದ್ದ ಕತ್ತಿ, ಇನ್ನೊಂದು ಕೈಯಲ್ಲಿ ಪಾಚಿ, ತಾವರೆ ಬಳ್ಳಿ, ಮುಳ್ಳುಹುಲ್ಲು ಹಿಡಿದು ಬೇರಿನಿಂದ ಕಿತ್ತು ದಡಕ್ಕೆ ಎಸೆಯಬೇಕು. ಕಿತ್ತದ್ದು ಕಾಲುವೆಯಲ್ಲೇ ಉಳಿದರೆ ತೇಲಿಹೋಗಿ ತೂಬಿನ ಜಾಲರಿಗೆ ಕೂರುತ್ತದೆ, ಹಾಗಾಗಿ ಒಂದು ಎಲೆಯನ್ನೂ ಬಿಡುವಂತಿಲ್ಲ. ಬೂಟಿನೊಳಗೆ ನೀರು ಸದಾ ಇರುತ್ತದೆ. ಬೆರಳ ಸಂದು ಬಿಳಿಚಿ ಬಿರಿಯುತ್ತದೆ. ರಾತ್ರಿ ಕೆರೆದು ಕೆರೆದು ರಕ್ತ ಬರುತ್ತದೆ. ಗಂಡಸರಿಗೆ ಆ ಕೆಲಸ ಕೊಡುವುದಿಲ್ಲ, ಅಷ್ಟು ಕಡಿಮೆ ಕೂಲಿಗೆ ಗಂಡಸರು ಇಳಿಯುವುದಿಲ್ಲ. ಮುಂಬೀದಿಯ ಕಾರುಗಳು ಪಕ್ಕದಲ್ಲಿ ಹೋಗುವಾಗ ಮೂಗು ಮುಚ್ಚಿಕೊಂಡು ಗಾಜು ಏರಿಸುತ್ತವೆ. ಕಾಲುವೆ ನಾರುವುದು ಇವರಿಂದಲೇ ಎಂಬಂತೆ.

ಕೌನ್ಸಿಲ್ ಚುನಾವಣೆ ಬಂದಾಗ ಓಸ್ಲಿನ್ ನಿಂತಳು. ಗ್ಯಾಂಗಿನವರು ನಿಲ್ಲಿಸಿದರು ಅನ್ನುವುದು ಸರಿ. ಚಂಪಾ ಎಂಬಾಕೆ, ಗ್ಯಾಂಗಿನಲ್ಲೇ ಉದ್ದ ನಾಲಿಗೆಯವಳು, ಮೊದಲು ಮಾತೆತ್ತಿದಳು.

"ಹುಂಜಕ್ಕೆ ಹಾಕಿದ್ವಿ, ಮುಳುಗಿದ್ವಿ. ಲಾಟೀನಿಗೆ ಹಾಕಿದ್ವಿ, ಮುಳುಗಿದ್ವಿ. ಈ ಸಲ ನಮ್ಮ ಬೂಟಿಗೇ ಹಾಕ್ಕೊಳ್ಳೋಣ. ಮುಳುಗಿದ್ರೂ ನಮ್ಮದೇ ಅಂತ ಸಮಾಧಾನ ಇರುತ್ತೆ."

ಹುಂಜ ಒಂದು ಪಕ್ಷ, ಲಾಟೀನು ಇನ್ನೊಂದು. ಓಸ್ಲಿನ್‌ಳ ಗುರುತು ರಬ್ಬರ್ ಬೂಟು. ಅವಳ ಭಾಷಣ ಒಂದೇ, ಎಲ್ಲ ಕಡೆಯೂ ಅದೇ. "ನಂಗೆ ಮಾತಾಡೋಕೆ ಬರಲ್ಲ. ಆ ಆರು ಹಲಗೇನ ಗರಗಸದಲ್ಲಿ ಕೊಯ್ಸಬೇಕು. ಅಷ್ಟೇ ನನ್ನ ಕೆಲಸ. ಕೊಯ್ಸಿದ ದಿನ ರಾಜೀನಾಮೆ ಕೊಟ್ಟು ಕಾಲುವೆಗೆ ವಾಪಸ್ ಬರ್ತೀನಿ."

ಒಂಬತ್ತು ಸೀಟು. ಹುಂಜಕ್ಕೆ ನಾಲ್ಕು, ಲಾಟೀನಿಗೆ ನಾಲ್ಕು, ಬೂಟಿಗೆ ಒಂದು. ಅವತ್ತು ಹಿಂದೇರಿಯಲ್ಲಿ ಅವರೆ, ಉಪ್ಪು ಮಾಂಸ, ತೆಂಗಿನ ಹಾಲು ಹಾಕಿದ ಅನ್ನ ಕುದಿಯಿತು. ಊರು ಯಾರದಾಗಬೇಕೆಂದು ಹೇಳುವ ಕೈ ಈಗ ಓಸ್ಲಿನ್‌ಳದು ಅಂತ ಎಲ್ಲರೂ ಅಂದರು. ಅವಳಿಗೂ ಹಾಗೇ ಅನ್ನಿಸಿತು.

ಹುಂಜದ ನಾಯಕ ಜೈಪಾಲ್, ಅಕ್ಕಿ ಗಿರಣಿಯ ಒಡೆಯ. ಆವತ್ತಿನವರೆಗೆ ಅವನು ಓಸ್ಲಿನ್‌ಳನ್ನು ಕರೆದದ್ದು ಕಾರಿನ ಹಾರ್ನಿನಿಂದ ಮಾತ್ರ. ಮಾರನೇ ದಿನ ಕಾರನ್ನು ರಸ್ತೆಯಲ್ಲೇ ಬಿಟ್ಟು ಕೆಸರಲ್ಲಿ ನಡೆದು ಬಂದ.

"ಸಿಸ್ಟರ್ ಓಸ್ಲಿನ್! ಒಳಗೆ ಬರಬಹುದಾ?"

"ಬನ್ನಿ. ಕುರ್ಚಿ ಒಂದೇ ಇರೋದು, ಅದ್ರ ಕಾಲು ಕೊಳೆತಿದೆ. ನೋಡ್ಕೊಂಡು ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಗೋಡೆ ನೋಡಿದ. "ಇದೇನು ಸಿಸ್ಟರ್, ಅರ್ಧಕ್ಕೇ ಬಣ್ಣ ಹೊಡ್ಸಿದೀರಿ?"

"ನಾವು ಹೊಡ್ಸಿದ್ದಲ್ಲ. ನಿಮ್ಮ ಹಲಗೆ ಹೊಡೆದಿದ್ದು."

ಜೈಪಾಲ್ ನಾಲಿಗೆ ಕಚ್ಚಿಕೊಂಡ. ತಾನು ಚೇರ್ಮನ್ ಆದರೆ ಹಲಗೆಯ ವಿಚಾರ ಮೊದಲ ಸಭೆಯಲ್ಲೇ ಎತ್ತುತ್ತೇನೆ ಅಂದ. "ಎತ್ತೋದಲ್ಲ, ಕೊಯ್ಯೋದು. ಬರೆದುಕೊಡಿ," ಅಂದಳು. ವಕೀಲರನ್ನು ಕೇಳಿ ಬರೆಯುತ್ತೇನೆ ಅಂತ ಹೇಳಿ ಹೋದ.

ಲಾಟೀನಿನ ನಾಯಕ ಕಾರ್ಲೈಲ್ ಗ್ರಾಂಟ್, ನಿವೃತ್ತ ಹೆಡ್‌ಮಾಸ್ಟರ್, ಹಳೆಯ ಕೌನ್ಸಿಲ್ಲಿನ ಚೇರ್ಮನ್. ಎಂತಹ ಬಿಸಿಲಲ್ಲೂ ಬಿಳಿ ಅಂಗಿ, ಮುಖ ಕಾಣುವಷ್ಟು ಪಾಲಿಶ್ ಮಾಡಿದ ಕರಿ ಬೂಟು. ಓಸ್ಲಿನ್‌ಳಿಗೆ ನಾಲ್ಕನೇ ಕ್ಲಾಸಿನ ತನಕ ಪಾಠ ಹೇಳಿದವರು. ಅವರು ಸಂಜೆ ಬಂದರು.

"ಮಗೂ, ನೀನು ಏಳರ ಮಗ್ಗೀಲಿ ಏಳೆಂಟ್ಲಿಗೆ ತಡವರಿಸ್ತಿದ್ದೆ. ನೆನಪಿದೆಯಾ? ಈಗ ನೋಡು, ಊರಿನ ಲೆಕ್ಕವೇ ನಿನ್ನ ಕೈಲಿದೆ."

"ಸರ್, ಅವ್ವ ಸತ್ತಾಗ ನೀವು ಚೇರ್ಮನ್ ಆಗಿದ್ರಿ."

"ಆ ನೋವು ನನಗಿಲ್ವಾ ಮಗೂ? ಆ ಮುಟ್ಠಾಳ ನೀರುಗಂಟಿ ಯಾರನ್ನೂ ಕೇಳದೆ ಹಲಗೆ ಇಳಿಸಿಬಿಟ್ಟ. ನನಗೆ ಗೊತ್ತಾಗೋ ಹೊತ್ತಿಗೆ..." ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರೂ ಬರೆದುಕೊಡಲಿಲ್ಲ, ಆದರೆ ಅವರ ಮಾತನ್ನು ಅವಳು ನಂಬಿದಳು. ಪಾಠ ಹೇಳಿದವರು ಸುಳ್ಳು ಹೇಳುತ್ತಾರೆಂದು ಅವಳಿಗೆ ಯಾರೂ ಪಾಠ ಹೇಳಿರಲಿಲ್ಲ.

ಮೊದಲ ಸಭೆಯ ದಿನ ಹಿಂದೇರಿಯವರೆಲ್ಲ ಕಚೇರಿಯ ಮುಂದೆ ನೆರೆದಿದ್ದರು. ಜೈಪಾಲ್‌ನ ಕಾರು ಬಂತು. ಮುಂದಿನ ಬಾಗಿಲಿಂದ ಜೈಪಾಲ್ ಇಳಿದ. ಹಿಂದಿನ ಬಾಗಿಲಿಂದ ಹೆಡ್‌ಮಾಸ್ಟರ್ ಇಳಿದರು.

ಮೂವತ್ತು ವರ್ಷದಿಂದ ಹುಂಜ ಮತ್ತು ಲಾಟೀನು ಒಬ್ಬರ ಮದುವೆಗೆ ಒಬ್ಬರು ಹೋದವರಲ್ಲ. ಪ್ರಚಾರದಲ್ಲಿ ಒಬ್ಬರ ಬಾವುಟ ಒಬ್ಬರು ಸುಟ್ಟಿದ್ದರು. ಅವರ ಹೆಸರಿಗೆ ಹೊಡೆದಾಡಿ ಹಿಂದೇರಿಯ ಇಬ್ಬರು ಕೈ ಮುರಿದುಕೊಂಡಿದ್ದರು, ಒಬ್ಬ ಹುಂಜದವನು, ಒಬ್ಬ ಲಾಟೀನಿನವನು. ಈಗ ಇಬ್ಬರೂ ಒಂದೇ ಕಾರು. ಊರಿನ ಅಭಿವೃದ್ಧಿಗಾಗಿ ಜಂಟಿ ಆಡಳಿತ ಅಂತ ಹೆಡ್‌ಮಾಸ್ಟರ್ ಓದಿದರು. ಮೊದಲ ಅರ್ಧ ಜೈಪಾಲ್ ಚೇರ್ಮನ್, ಉಳಿದರ್ಧ ಹೆಡ್‌ಮಾಸ್ಟರ್.

"ಹುಂಜ ಲಾಟೀನಿನ ಮೇಲೆ ಕೂತ್ಕೊಂತು," ಅಂದಳು ಚಂಪಾ. "ಇನ್ನು ಮೊಟ್ಟೆ ಇಡೋದು ಯಾರ ಮನೇಲಿ ಅಂತ ನೋಡ್ಬೇಕು."

ಓಸ್ಲಿನ್‌ಳ ಮುಖ ಬೂದಿಯಾಯಿತು. ಅವಳ ಕೈ ಯಾರಿಗೂ ಬೇಕಾಗಿರಲಿಲ್ಲ. ಅಷ್ಟರಲ್ಲಿ ಜೈಪಾಲ್ ಎದ್ದ. "ಈ ಆಡಳಿತದಿಂದ ಯಾರೂ ಹೊರಗಿಲ್ಲ. ನೀರಿನ ಸಮಿತಿಯ ಅಧ್ಯಕ್ಷತೆಯನ್ನ ನಮ್ಮ ಸಿಸ್ಟರ್ ಓಸ್ಲಿನ್‌ಗೆ ಕೊಡೋಣ ಅಂತ ನಾನೂ ಹೆಡ್‌ಮಾಸ್ಟ್ರೂ ಒಮ್ಮತದಿಂದ ತೀರ್ಮಾನ ಮಾಡಿದೀವಿ."

ಚಪ್ಪಾಳೆ ಬಿತ್ತು. ಹಿಂದೇರಿಯವರೇ ಜೋರಾಗಿ ತಟ್ಟಿದರು. ಅವಳ ರುಜು ಇಲ್ಲದೆ ಹಲಗೆ ಬೀಳುವಂತಿಲ್ಲ ಅಂದರೆ ಕೊಯ್ಯುವ ಮಾತೇ ಬೇಡವಲ್ಲ! ಚಂಪಾ ತಿವಿದಳು. "ಒಪ್ಕೊಳೇ, ಒಪ್ಕೊ."

ಸಭಾಂಗಣದ ಕೊನೆಯಲ್ಲಿ ಕಂಬಕ್ಕೊರಗಿ ಹರ್ದತ್ ನಿಂತಿದ್ದ. ಅವಳನ್ನೇ ನೋಡುತ್ತಿದ್ದ. ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸಿದ. ಬೇಡ.

ಅವಳು ನೋಡಿದಳು. ಮೈಯೆಲ್ಲ ಉರಿಯಿತು. ನನ್ನ ಅವ್ವನನ್ನು ಕೊಂದವನು ನನಗೆ ಬುದ್ಧಿ ಹೇಳುತ್ತಾನಾ? ಅವನು ಬೇಡ ಅಂದದ್ದಕ್ಕೇ ಅವಳು ಗಟ್ಟಿಯಾಗಿ "ಹೂಂ" ಅಂದಳು. ಆ ಒಂದು ಹೂಂ ಅವಳು ಜನ್ಮದಲ್ಲಿ ಮರೆಯುವಂಥದಲ್ಲ.

ಎರಡನೇ ಸಭೆಯಲ್ಲಿ ಕಳೆ ಗ್ಯಾಂಗನ್ನು ಕಿತ್ತುಹಾಕಿದರು. ಕೈಯಿಂದ ಕೀಳುವುದು ಹಳೆಯ ಕಾಲದ ಪದ್ಧತಿ, ಹೆಂಗಸರ ಆರೋಗ್ಯಕ್ಕೂ ಒಳ್ಳೆಯದಲ್ಲ ಅಂತ ಹೆಡ್‌ಮಾಸ್ಟರ್ ಮರುಗಿದರು. ಜೈಪಾಲ್‌ನ ಭಾಮೈದನ ಬಳಿ ಒಂದು ಯಂತ್ರವಿತ್ತು. ಎಂಟು ಕೈ ಎದ್ದವು, ಒಂದು ಏಳಲಿಲ್ಲ. ಇದು ನೀರಿನ ಸಮಿತಿಗೆ ಬರಬೇಕಾದ ವಿಷಯವಲ್ಲವೇ ಅಂತ ಓಸ್ಲಿನ್ ಕೇಳಿದಳು. ಓವರ್‌ಸಿಯರ್ ಡಿಫ್ರೈಟಾಸ್, ಕಚೇರಿಯ ಕಾಗದಪತ್ರವನ್ನೆಲ್ಲ ನೋಡುವ ತೆಳ್ಳನೆಯ ಮನುಷ್ಯ, ಪುಸ್ತಕ ತಿರುವಿ ಹೇಳಿದ. "ಮೇಡಂ, ಕಳೆ ಸಸ್ಯವರ್ಗಕ್ಕೆ ಸೇರುತ್ತೆ. ನಿಮ್ಮ ಸಮಿತಿಗೆ ಬರೋದು ನೀರು ಮಾತ್ರ."

ಚಂಪಾ ಮಾರನೇ ದಿನ ತನ್ನ ಬೂಟು ಜೋಡಿ ತಂದು ಓಸ್ಲಿನ್‌ಳ ಬಾಗಿಲಲ್ಲಿಟ್ಟಳು. "ಅಧ್ಯಕ್ಷಮ್ಮಾ, ಇದನ್ನೂ ನಿಮ್ಮ ಟೇಬಲ್ ಮೇಲೆ ಇಟ್ಕೊಳ್ಳಿ. ನಮ್ಮ ಗುರುತಲ್ವಾ." ಆಮೇಲೆ ಚಂಪಾ ಬೂಟನ್ನು ವಾಪಸ್ ತೆಗೆದುಕೊಂಡು ಹೋದಳು. ಅವಳಿಗೆ ಬೇರೆ ಬೂಟಿರಲಿಲ್ಲ.

ಯಂತ್ರ ಬಂತು. ದಡದ ಮೇಲೆ ನಿಂತು ಕಾಲುವೆಯ ಕಳೆಯ ತಲೆ ಕತ್ತರಿಸಿತು. ಬೇರು ಬಿಟ್ಟಿತು. ಕತ್ತರಿಸಿದ್ದನ್ನು ನೀರಲ್ಲೇ ಬಿಟ್ಟಿತು. ಓಸ್ಲಿನ್ ದಡದಲ್ಲಿ ನಿಂತು ನೋಡಿದಳು. ಹಸಿರು ಹಾಸು ಮೆಲ್ಲಗೆ ತಿರುಗುತ್ತ, ಒಂದಕ್ಕೊಂದು ಹೆಣೆದುಕೊಳ್ಳುತ್ತ ತೂಬಿನ ಕಡೆ ತೇಲಿಹೋಯಿತು. ಇದೆಲ್ಲ ಜಾಲರಿಗೆ ಕೂರುತ್ತದೆ ಅಂತ ಕಚೇರಿಗೆ ಹೋಗಿ ಹೇಳಿದಳು. ಡಿಫ್ರೈಟಾಸ್ ಬರೆದುಕೊಂಡ. ಅವನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ.

ಜೂನ್ ತಿಂಗಳ ಹುಣ್ಣಿಮೆ ಉಬ್ಬರ ಮತ್ತು ಮಳೆ ಒಂದೇ ವಾರದಲ್ಲಿ ಬಂದವು. ಮೊದಲ ದಿನ ಕಪ್ಪೆಗಳು ಕೂಗಿದವು. ಎರಡನೇ ದಿನ ಕೂಗು ನಿಂತಿತು. ಸಮುದ್ರ ಗೋಡೆಯ ಮೇಲೆ ಹಾರಿ ಮುಂಬೀದಿಗೆ ಉಗುಳತೊಡಗಿತು. ಹಿಂದೇರಿಯಲ್ಲಿ ಜನ ಅಕ್ಕಿ, ಬಟ್ಟೆ, ಕೋಳಿಗಳನ್ನು ಸೂರಿನ ತೊಲೆಗೆ ಕಟ್ಟಿದರು. ಹಳೆಯ ಫ್ರಿಜ್ಜುಗಳನ್ನು ಎಳೆದು ಬಾಗಿಲ ಮುಂದೆ ತಂದಿಟ್ಟರು. ಯಾರೂ ಯಾಕೆ ಅಂತ ಕೇಳಲಿಲ್ಲ.

ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಡಿಫ್ರೈಟಾಸ್ ಛತ್ರಿ ಹಿಡಿದು ಓಸ್ಲಿನ್‌ಳ ಮನೆಗೆ ಬಂದ. ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದ.

"ಮೇಡಂ, ತುರ್ತು. ಇಲ್ಲೊಂದು ರುಜು."

"ಓದಿ."

"ಮಾಮೂಲಿ ಒಕ್ಕಣೆ ಮೇಡಂ..."

"ಓದಿ ಅಂದೆ."

ಅವನು ಓದಿದ. ಸಾರ್ವಜನಿಕ ಹಿತದೃಷ್ಟಿಯಿಂದ, ಹಿಂದೇರಿ ನಿವಾಸಿಗಳ ಸಂಪೂರ್ಣ ಒಪ್ಪಿಗೆಯ ಮೇರೆಗೆ, ಅವರ ಪ್ರತಿನಿಧಿಯೂ ಸಮಿತಿಯ ಅಧ್ಯಕ್ಷರೂ ಆದ ನಾನು, ನಡು ರಸ್ತೆಯ ಮೋರಿಗೆ ಹಲಗೆ ಇಳಿಸಲು ಆದೇಶಿಸಿದ್ದೇನೆ.

ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಓಸ್ಲಿನ್ ಗೋಡೆಯ ಗೆರೆ ನೋಡಿದಳು. ಈಗ ಎಲ್ಲ ಅರ್ಥವಾಯಿತು. ಅವಳಿಗೆ ಕೊಟ್ಟದ್ದು ಬೀಗದ ಕೈಯಲ್ಲ. ಹಲಗೆ ಬಿದ್ದು ಇನ್ನೊಂದು ಹೆಣ ತೇಲಿದರೆ ಅಧಿಕಾರಿ ಮತ್ತೆ ಬರುತ್ತಾನೆ, ಕಾಗದ ನೋಡುತ್ತಾನೆ. ಕಾಗದದಲ್ಲಿ ಹಿಂದೇರಿಯ ಕೈ ಇರುತ್ತದೆ. ತಮ್ಮನ್ನು ತಾವೇ ಮುಳುಗಿಸಿಕೊಂಡರು ಅಂತ ಬರೆದು ಹೋಗುತ್ತಾನೆ. ಅದಕ್ಕೇ ಚಪ್ಪಾಳೆ ತಟ್ಟಿಸಿದ್ದು.

"ನಾನು ಹಾಕದೇ ಇದ್ರೆ?"

"ಪೂರ್ತಿ ಕೌನ್ಸಿಲ್ ತುರ್ತು ಸಭೆ ಮಾಡಿ ಆದೇಶ ಕೊಡಬಹುದು ಮೇಡಂ. ಎಂಟು ಜನರ ಹೆಸರು, ರುಜು ಬೇಕಾಗುತ್ತೆ."

"ಹಂಗಾದ್ರೆ ಅವರನ್ನೇ ಕೇಳಿ."

"ಕೇಳಿದೆ ಮೇಡಂ." ಡಿಫ್ರೈಟಾಸ್ ಮೊದಲ ಸಲ ಮನುಷ್ಯನ ಹಾಗೆ ಕಣ್ಣು ತಗ್ಗಿಸಿದ. "ಅದಕ್ಕೇ ಇಲ್ಲಿಗೆ ಬಂದಿದ್ದು."

ಓಸ್ಲಿನ್ ಬೂಟು ಹಾಕಿಕೊಂಡಳು. ಕತ್ತಿ ತೆಗೆದುಕೊಂಡಳು. ಹತ್ತು ಮನೆಗಳ ಬಾಗಿಲು ತಟ್ಟಿ ಹತ್ತು ಹೆಂಗಸರನ್ನು ಕರೆದಳು. ಮಳೆಯಲ್ಲಿ ಹನ್ನೊಂದು ಮಂದಿ ಕತ್ತಿ ಹಿಡಿದು ಏರಿಯ ಮೇಲೆ ಸಾಲಾಗಿ ನಡೆದು ರಸ್ತೆಗೆ ಬಂದರು. ಮೋರಿಯ ಹತ್ತಿರ ಟ್ರ್ಯಾಕ್ಟರ್ ನಿಂತಿತ್ತು, ಅದರ ಹಿಂದೆ ಆರು ಹಲಗೆ. ಬೀಗ ಆಗಲೇ ಬಿಚ್ಚಿದ್ದರು. ಜೈಪಾಲ್, ಹೆಡ್‌ಮಾಸ್ಟರ್, ಕೌನ್ಸಿಲ್ಲಿನ ಉಳಿದ ಆರು ಜನ ಛತ್ರಿಯ ಕೆಳಗೆ ನಿಂತಿದ್ದರು. ಹರ್ದತ್ ಟ್ರ್ಯಾಕ್ಟರಿನ ಪಕ್ಕದಲ್ಲಿ ನೆನೆಯುತ್ತಿದ್ದ.

ಓಸ್ಲಿನ್ ಕತ್ತಿಯನ್ನು ದಡದಲ್ಲಿ ಊರಿ ಕಾಲುವೆಗೆ ಇಳಿದಳು. ನೀರು ಎದೆಗೆ ಬಂತು. ಮೋರಿಯ ಬಾಯಲ್ಲಿ ನಿಂತು, ಒಂದು ಕಚ್ಚಿಗೆ ಬೆನ್ನು ಕೊಟ್ಟು, ಇನ್ನೊಂದಕ್ಕೆ ಎರಡೂ ಕೈ ಊರಿದಳು. ಹತ್ತೊಂಬತ್ತು ವರ್ಷ ನೀರಲ್ಲಿ ನಿಂತ ಕಾಲು. ಸೆಳೆತಕ್ಕೆ ಕದಲಲಿಲ್ಲ.

"ಸಿಸ್ಟರ್, ಇದೇನು ನಾಟಕ?" ಅಂದ ಜೈಪಾಲ್. "ಹತ್ತಿ ಮೇಲೆ."

"ತೂಬು ಕಟ್ಕೊಂಡಿದೆ," ಅಂದಳು ಓಸ್ಲಿನ್. "ನಿಮ್ಮ ಭಾಮೈದನ ಮೆಷಿನ್ನು ಕತ್ತರಿಸಿದ ಕಳೆಯೆಲ್ಲ ಜಾಲರಿಗೆ ಕೂತಿದೆ. ಎರಡು ಗಂಟೆಗೆ ಇಳಿತ. ಅಷ್ಟರಲ್ಲಿ ನಾವು ಹನ್ನೊಂದು ಜನ ಇಳಿದು ಬಿಡಿಸ್ತೀವಿ. ಕೂಲಿ ಬೇಡ. ಮುಂದಿನ ನೀರೂ ಹೋಗುತ್ತೆ, ಹಿಂದಿನ ನೀರೂ ಹೋಗುತ್ತೆ. ಆದ್ರೆ ಮೊದಲು ಆ ಹಲಗೆ ಹಾಳಾಗಬೇಕು."

"ಷರತ್ತು ಹಾಕ್ತೀಯಾ ನಮಗೆ?" ಸಿಸ್ಟರ್ ಎಂಬುದು ಮಳೆಯಲ್ಲಿ ಕೊಚ್ಚಿಹೋಗಿತ್ತು. "ಕಳೆ ಕೀಳೋಳು ನೀನು!"

"ಹೂಂ. ಅದನ್ನೇ ಹೇಳ್ತಿರೋದು."

ಡಿಫ್ರೈಟಾಸ್ ಕೆಮ್ಮಿ, ಎಂಟು ಜನ ರುಜು ಮಾಡಿದರೆ ಕಾಯಿದೆ ಪ್ರಕಾರ ಆಗುತ್ತದೆ ಅಂದ. ಪೆನ್ನು ಚಾಚಿದ. ಜೈಪಾಲ್ ಅದನ್ನು ಹೆಡ್‌ಮಾಸ್ಟರಿಗೆ ಕೊಟ್ಟ. ಹಿರಿಯರು ಮೊದಲು. ಹೆಡ್‌ಮಾಸ್ಟರ್ ಪಕ್ಕದವನಿಗೆ ಕೊಟ್ಟರು. ಅವನು ಇನ್ನೊಬ್ಬನಿಗೆ. ಪೆನ್ನು ಎಂಟು ಕೈ ಸುತ್ತಿ ಮತ್ತೆ ಡಿಫ್ರೈಟಾಸ್‌ನ ಬಳಿ ಬಂತು. ಕಾಗದ ಬಿಳಿಯಾಗೇ ಉಳಿದಿತ್ತು. ಹೆಂಗಸರು ನೋಡುತ್ತಿದ್ದರು. ಚಂಪಾ ಕೂಡ ನಗಲಿಲ್ಲ.

"ಹರ್ದತ್!" ಜೈಪಾಲ್ ಕಿರುಚಿದ. "ಹಾಕೋ ಹಲಗೆ! ಕಾಲ ಮೇಲೆ ಬಿದ್ರೆ ತಾನೇ ಹತ್ತಿ ಬರ್ತಾಳೆ."

ಹರ್ದತ್ ಒಂದನೇ ಹಲಗೆ ಎಳೆದ. ಹೆಗಲಿಗೇರಿಸಿದ. ಇಬ್ಬರು ಎತ್ತುವ ತೂಕ ಒಬ್ಬನೇ ಹೊತ್ತು ಮೋರಿಯ ಮೇಲೆ ಬಂದು ನಿಂತ. ಕೆಳಗೆ ಓಸ್ಲಿನ್‌ಳ ತಲೆ. ಹಲಗೆಯ ತುದಿಯಿಂದ ನೀರು ಅವಳ ಹಣೆಗೆ ತೊಟ್ಟಿಕ್ಕಿತು. ಅವಳು ಮುಖ ಎತ್ತಿ ಎರಡು ವರ್ಷದಲ್ಲಿ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

"ಕಾಗದ ಎಲ್ಲಿ?" ಅಂದ ಹರ್ದತ್.

"ಬಾಯಲ್ಲಿ ಹೇಳ್ತಿಲ್ವೇನೋ?" ಅಂದ ಜೈಪಾಲ್.

"ಹೋದ ಸಲಾನೂ ಬಾಯಲ್ಲೇ ಹೇಳಿದ್ರು." ಹರ್ದತ್ ಹೆಡ್‌ಮಾಸ್ಟರ ಕಡೆ ತಿರುಗಿದ. "ನಮ್ಮ ಗುಡಿಸ್ಲಿಗೇ ಬಂದಿದ್ರಿ ಸರ್. ಇದೇ ಬೂಟು. ಇಳಿಸೋ ಹರ್ದತ್, ನಾನಿದೀನಿ ಅಂದ್ರಿ. ವಿಚಾರಣೇಲಿ ಸಾಹೇಬ್ರು ಕೇಳಿದಾಗ ನನಗೆ ಗೊತ್ತೇ ಇಲ್ಲ ಅಂದ್ರಿ. ಕೆಲಸ ಉಳೀಬೇಕು ಅಂದ್ರೆ ಬಾಯಿ ಮುಚ್ಕೋ ಅಂದ್ರಿ. ನಾನು ಮುಚ್ಕೊಂಡೆ. ನಾಯಿ ಹಂಗೆ ಮುಚ್ಕೊಂಡೆ."

ಹೆಡ್‌ಮಾಸ್ಟರ್ ಜೇಬಿನಿಂದ ಫೋನು ತೆಗೆದರು. ಈ ಸಲ ಕನ್ನಡಕ ಒರೆಸಿಕೊಳ್ಳಲಿಲ್ಲ. ಓಸ್ಲಿನ್‌ಳ ಕೈ ಕಚ್ಚಿನಿಂದ ಒಂದು ಕ್ಷಣ ಜಾರಿತು. ಅವ್ವ, ಮೀನಿನ ಸರ, ಅವನು ಆಡಿಸಿದ ತಲೆ, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. ಅವಳು ಮತ್ತೆ ಕೈ ಊರಿದಳು.

ಹರ್ದತ್ ಹಲಗೆಯನ್ನು ಮೋರಿಗೆ ಹಾಕಲಿಲ್ಲ. ಹತ್ತು ಹೆಜ್ಜೆ ಆಚೆ ನಡೆದು, ಕಬ್ಬಿನ ಗದ್ದೆಯ ಅಂಚಿನ ಆಳವಾದ ಹಳ್ಳಕ್ಕೆ ಎಸೆದ. ಗ್ರೀನ್‌ಹಾರ್ಟ್ ತೇಲುವುದಿಲ್ಲ. ಒಂದು ಗುಳ್ಳೆ ಎದ್ದಿತು, ಅಷ್ಟೇ.

ಹೆಂಗಸರು ಹೇಳಿಸಿಕೊಳ್ಳಲಿಲ್ಲ. ಟ್ರ್ಯಾಕ್ಟರಿಗೆ ಹತ್ತಿದರು. ಎರಡನೇ ಹಲಗೆಯನ್ನು ನಾಲ್ವರು ಎಳೆದರು, ಮೂರನೆಯದನ್ನು ಚಂಪಾ ಮತ್ತು ಇಬ್ಬರು. ಒಂದೊಂದೂ ಮುಳುಗುವಾಗ ಚಂಪಾ ಅದರ ಅಂಕಿಯನ್ನು ಕೂಗಿ ಹೇಳಿದಳು. ಜೈಪಾಲ್ ಅಡ್ಡ ಬಂದ. ಚಂಪಾ ಅವನನ್ನು ಮುಟ್ಟಲಿಲ್ಲ, ಕೆಸರು ಕೈಯನ್ನು ಅವನ ಅಂಗಿಯ ಹತ್ತಿರ ತಂದಳು. ಅವನು ಹಿಂದೆ ಸರಿದ. ಹೆಡ್‌ಮಾಸ್ಟರ್ ಛತ್ರಿಯಡಿ ಅತ್ತ ತಿರುಗಿ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಆರನೆಯದೂ ಹೋಯಿತು.

ತೆರೆದೇ ಉಳಿದ ಮೋರಿಯಲ್ಲಿ ನೀರು ಭೋರೆಂದು ಮುಂಬೀದಿಯ ಕಡೆ ನುಗ್ಗುತ್ತಲೇ ಇತ್ತು. ಕಾಲುವೆ ತುಂಬಿ ರಸ್ತೆಯ ಮೇಲೂ ಹರಿಯಿತು. ಹೆಡ್‌ಮಾಸ್ಟರ ಬೂಟು ಮುಳುಗಿತು. ಆ ಊರು ಹುಟ್ಟಿದ ಮೇಲೆ ಮೊದಲ ಸಲ ರಸ್ತೆಯ ಎರಡೂ ಬದಿ ನೀರು ಒಂದೇ ಮಟ್ಟಕ್ಕೆ ನಿಂತಿತು.

"ನಡೀರಿ ತೂಬಿಗೆ!" ಅಂದಳು ಓಸ್ಲಿನ್. "ನಾನು ಹಿಂದೇನೇ ಬರ್ತೀನಿ."

ಹತ್ತು ಹೆಂಗಸರು ಕತ್ತಿ ಹಿಡಿದು ಮುಂಬೀದಿಯಲ್ಲಿ ಓಡಿದರು. ಅವರು ಓಡುವುದನ್ನು ನೋಡಿ ಅಂಗಡಿಗಳ ಬಾಗಿಲು ಒಂದೊಂದಾಗಿ ದಬದಬ ಬಿದ್ದವು. ಮಹಡಿಯ ಮೇಲಿಂದ ಯಾರೋ ಚೀರಿದರು.

ಓಸ್ಲಿನ್ ಮೇಲೆ ಹತ್ತಲು ದಡಕ್ಕೆ ಬಂದಳು. ಹರ್ದತ್ ಕೈ ಕೊಟ್ಟ. ಅವಳು ಹಿಡಿದುಕೊಂಡಳು.

"ಇಳಿತಕ್ಕೆ ಇನ್ನೆಷ್ಟು ಹೊತ್ತು?"

"ನಲವತ್ತು ನಿಮಿಷ, ಅಕ್ಕ."

ಆಗ ಪೊಲೀಸ್ ಜೀಪು ಬಂತು. ನೀರನ್ನು ಎರಡು ಬದಿಗೆ ಸೀಳಿಕೊಂಡು, ಮೋರಿಯ ಹತ್ತಿರ ನಿಧಾನವಾಯಿತು. ಹಿಂದೆ ಬಂದೂಕು ಹಿಡಿದ ಆರು ಜನ. ಹೆಡ್‌ಮಾಸ್ಟರ್ ಬೆರಳು ಚಾಚಿ ತೋರಿಸಿದರು. ಓಸ್ಲಿನ್‌ಳ ಕಡೆಗಲ್ಲ. ಸಮುದ್ರದ ಕಡೆಗೆ, ತೂಬಿನ ಕಡೆಗೆ. ಜೀಪು ನಿಲ್ಲದೆ ಅತ್ತ ಹೋಯಿತು.

ಓಸ್ಲಿನ್ ಹೆಡ್‌ಮಾಸ್ಟರ ಮುಂದೆ ಬಂದು ನಿಂತಳು. ಮೈಯಿಂದ ಕಾಲುವೆ ಸುರಿಯುತ್ತಿತ್ತು. ಅವರು ಮೂಗು ಮುಚ್ಚಿಕೊಳ್ಳಲಿಲ್ಲ, ಕೈಯಲ್ಲಿ ಫೋನಿತ್ತು.

"ಏನಂತ ಹೇಳಿದ್ರಿ ಸರ್ ಅವರಿಗೆ?"

"ಮಗೂ... ಇದ್ದದ್ದನ್ನೇ ಹೇಳಿದೆ. ಕತ್ತಿ ಹಿಡಿದ ಹೆಂಗಸರು ನುಗ್ಗಿದಾರೆ ಅಂತ."

"ಹತ್ತೊಂಬತ್ತು ವರ್ಷದಿಂದ ಹಿಡಿದಿದೀವಿ," ಅಂದಳು ಓಸ್ಲಿನ್. "ಇವತ್ತು ಕಾಣಿಸ್ತಾ?"

ಅವಳು ದಡದಲ್ಲಿ ಊರಿದ್ದ ಕತ್ತಿಯನ್ನು ಕಿತ್ತುಕೊಂಡಳು. ಹರ್ದತ್ ಟ್ರ್ಯಾಕ್ಟರಿನಿಂದ ತೂಬು ಎತ್ತುವ ಕಬ್ಬಿಣದ ಹಿಡಿ ತೆಗೆದುಕೊಂಡ. ಇಬ್ಬರೂ ಮೊಣಕಾಲು ನೀರಲ್ಲಿ ಜೀಪು ಹೋದ ದಿಕ್ಕಿಗೆ ನಡೆದರು. ಇಳಿತಕ್ಕೆ ಇನ್ನು ಮೂವತ್ತೈದು ನಿಮಿಷವಿತ್ತು.